ತಾನಾಗಿಯೇ ಉಬ್ಬುವ ಹಿಟ್ಟಿನ ವಿಚಾರವಾಗಿ ಯೀಸ್ಟ್ ಕಂಪನಿಯ ಅಧ್ಯಕ್ಷರಿಗೆ

ಮಾನ್ಯ ಅಧ್ಯಕ್ಷರೇ,

ತಮಗೂ ತಮ್ಮ ಕಂಪನಿಗೂ ಸಕಲ ಏಳಿಗೆಯಾಗಲೆಂದು ಮೊದಲಿಗೇ ಹಾರೈಸಿಬಿಡುತ್ತೇನೆ. ಏಳಿಗೆಯೆಂಬುದು ಎಷ್ಟು ದುರ್ಲಭವಾದ ವಸ್ತುವೆಂದು ಕಳೆದ ಶನಿವಾರ ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ನಮ್ಮ ಅಡುಗೆಮನೆಯಲ್ಲಿ ಕಣ್ಣಾರೆ ಕಂಡವನು ನಾನಾದ್ದರಿಂದ, ಈ ಹಾರೈಕೆ ಬರೀ ಬಾಯಿಮಾತಿನದಲ್ಲವೆಂದು ತಾವು ನಂಬಬೇಕು. ತಮ್ಮ ಪ್ಯಾಕೆಟ್ಟಿನ ಮುಂಬದಿಯಲ್ಲಿ ನಗುತ್ತಿರುವ ಬನ್ನಿನ ಚಿತ್ರವನ್ನೂ, ಹಿಂಬದಿಯಲ್ಲಿರುವ 'ಮನೆಯಲ್ಲೇ ಹಾಟ್ ಕ್ರಾಸ್ ಬನ್ ಮಾಡುವ ಸುಲಭ ವಿಧಾನ'ವನ್ನೂ ನಾನು ಈಗ ಕಣ್ಣು ಮುಚ್ಚಿಕೊಂಡು ಒಪ್ಪಿಸಬಲ್ಲೆ.

ನಾನು ಗೇಟು, ಗ್ರಿಲ್ಲು, ಮೆಟ್ಟಿಲಿನ ಕಟಕಟೆ ಮಾಡುವ ವೆಲ್ಡರ್. ಇಪ್ಪತ್ತಾರು ವರ್ಷಗಳಿಂದ ಕಬ್ಬಿಣದ ಸಹವಾಸದಲ್ಲಿದ್ದೇನೆ. ಹಿಟ್ಟಿನ ಸಹವಾಸ ನಮ್ಮ ಮನೆಯಾಕೆಯದು. ಪ್ರತಿವರ್ಷ ಗುಡ್ ಫ್ರೈಡೇ ಬರುವ ವಾರದಲ್ಲಿ ಆಕೆ ಮೇಲೆ ಶಿಲುಬೆಯ ಗುರುತಿರುವ ಈ ಬನ್ನುಗಳನ್ನು ಹನ್ನೆರಡು ಬೇಯಿಸುತ್ತಾಳೆ, ಅತ್ತೆಯವರೂ ಆಕೆಯ ಅಣ್ಣನಾದ ನಮ್ಮ ಭಾವನವರೂ ಚಹಾಕ್ಕೆ ಬರುತ್ತಾರೆ. ಹೋದ ವರ್ಷ ಭಾವನವರು ಎರಡನೆಯ ಬನ್ನು ಮುಗಿಸಿ, ಬೆರಳು ನೆಕ್ಕಿಕೊಂಡು, ಇಂಥದ್ದನ್ನು ಎಲ್ಲೂ ತಿಂದಿಲ್ಲವೆಂದು ತಂಗಿಯನ್ನು ಹೊಗಳಿದರು. ನನ್ನನ್ನು ಯಾರೂ ಕೇಳಿರಲಿಲ್ಲ. ಆದರೂ ಆ ಬೆಳಗ್ಗೆ ಚಹಾಕ್ಕೆ ಕಾಯುತ್ತಾ ತಮ್ಮ ಪ್ಯಾಕೆಟ್ಟನ್ನು ಓದಿದ್ದ ವಿದ್ಯಾವಂತನಾದ ನಾನು, "ಇವಳೇನ್ ಮಾಡ್ತಾಳೆ ಭಾವ, ಪ್ಯಾಕೆಟ್ ಮೇಲೇ ಬರ್ದಿದೆ, ಹಿಟ್ಟು ತಾನಾಗೇ ಉಬ್ಬುತ್ತೆ" ಎಂದುಬಿಟ್ಟೆ. ಭಾವನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಕೆ ಎಲ್ಲರ ತಟ್ಟೆಗಳನ್ನು, ಇನ್ನೂ ತಿನ್ನುತ್ತಿದ್ದ ನನ್ನ ತಟ್ಟೆಯನ್ನೂ ಸೇರಿಸಿ, ಒಳಗೆ ತೆಗೆದುಕೊಂಡು ಹೋದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದನ್ನು ತಮ್ಮಂಥ ದೊಡ್ಡವರಿಗೆ ನಾನು ಹೇಳಬೇಕಾಗಿಲ್ಲ. ಅಂದಿನಿಂದ ಆಕೆ ನಮ್ಮ ಮನೆಯ ಓವನ್ ಹೊತ್ತಿಸಿಲ್ಲ. ಜಗಳವಾಗಲಿಲ್ಲ, ಆಗಿದ್ದರೆ ಮುಗಿದಾದರೂ ಹೋಗುತ್ತಿತ್ತು. ಊಟಕ್ಕೆ ಕೊರತೆಯಿಲ್ಲ, ಮಾತಿಗೂ ಹೇಳಿಕೊಳ್ಳುವಂಥ ಕೊರತೆಯಿಲ್ಲ. ಹಿಟ್ಟು ನಾದುವಾಗ ಆಕೆ ಏನನ್ನೋ ಗುನುಗುತ್ತಿದ್ದಳು, ಆ ಗುನುಗು ಮಾತ್ರ ನಿಂತುಹೋಗಿದೆ. ಅದಿಲ್ಲದೆ ಮನೆ ನನಗೆ ಬೇಸರವೆನಿಸುತ್ತದೆ. ಇದನ್ನು ಯಾರಿಗೂ ಹೇಳದೆ ನೇರವಾಗಿ ತಮಗೆ ಬರೆಯುತ್ತಿರುವುದು, ಆ ವಾಕ್ಯದ ಮೂಲ ಕರ್ತೃಗಳು ತಾವೇ ಆಗಿರುವುದರಿಂದ. ನಾನಾಡಿದ್ದು ನಾಲ್ಕು ಜನರೆದುರಿಗಾದ್ದರಿಂದ ದೂರೂ ಬಹಿರಂಗವಾಗಿಯೇ ಇರಲೆಂದು, ಇದರ ಒಂದು ಪ್ರತಿಯನ್ನು ನಮ್ಮ ವರ್ಕ್‌ಶಾಪಿನ ಬಾಗಿಲಿಗೆ ಅಂಟಿಸುತ್ತಿದ್ದೇನೆ.

ಈ ವರ್ಷ ಆ ವಾರ ಬಂತು. ಶನಿವಾರ ಬೆಳಗ್ಗೆ ಆಕೆ ಮೈದಾ ಡಬ್ಬ, ಒಣದ್ರಾಕ್ಷಿ, ದಾಲ್ಚಿನ್ನಿ ಪುಡಿ, ಬೆಣ್ಣೆ, ತಮ್ಮ ಎರಡು ಪ್ಯಾಕೆಟ್, ಇಷ್ಟನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು, "ತಾನಾಗೇ ಉಬ್ಬುತ್ತಲ್ಲ, ಒಂದ್ಸಲ ನೋಡ್ಬಿಡಿ. ಅಮ್ಮ, ಅಣ್ಣ ಐದು ಗಂಟೆಗೆ ಬರ್ತಾರೆ" ಎಂದು ಹೇಳಿ, ಮುಂದಿನ ಕೋಣೆಯಲ್ಲಿ ಕಿಟಕಿಯ ಪರದೆಗೆ ಅಂಚು ಹೊಲಿಯುತ್ತಾ ಕುಳಿತಳು. ಅಂದು ಗೆದ್ದೇ ತೀರಬೇಕೆಂಬ ಹಟ ನನಗಿತ್ತು. ಗೆದ್ದರೆ ನಾನಂದದ್ದೇ ಸರಿ ಎಂದಾಗಿ ಆಕೆ ಓವನ್ನಿನ ಹತ್ತಿರ ಮತ್ತೆಂದೂ ಸುಳಿಯಲಾರಳೆಂಬುದು ನನಗೆ ಹೊಳೆಯಲೇ ಇಲ್ಲ.

ಈಗ ತಮ್ಮ ವಿಧಾನದ ಮೊದಲ ಸಾಲಿಗೆ ಬರೋಣ. 'ಉಗುರುಬೆಚ್ಚಗಿನ ಹಾಲಿನಲ್ಲಿ ಯೀಸ್ಟ್ ಬೆರೆಸಿ' ಎಂದು ತಾವು ಅಪ್ಪಣೆ ಕೊಡಿಸಿದ್ದೀರಿ. ಅಪ್ಪಣೆಯನ್ನು ಅಕ್ಷರಶಃ ಪಾಲಿಸುವುದು ನನ್ನ ವೃತ್ತಿಧರ್ಮವಾದ್ದರಿಂದ ಹಾಲಿನಲ್ಲಿ ಉಗುರನ್ನೇ ಅದ್ದಿದೆ. ಉಗುರಿನಿಂದ ಯಾವ ದೂರೂ ಬರಲಿಲ್ಲ. ಇನ್ನೂ ಸ್ವಲ್ಪ ಕಾಯಿಸಿ ಮತ್ತೆ ಅದ್ದಿದೆ. ಆಗಲೂ ಅದು ಸುಮ್ಮನಿತ್ತು. ಅನುಮಾನ ಬಂದು ಬೆರಳನ್ನೇ ಇಳಿಬಿಟ್ಟೆ. ಬೆಸುಗೆ ಹಾಕಿದ ಸರಳು ಆರುವ ಮೊದಲೇ ಎತ್ತಿ ಎತ್ತಿ ಮರಗಟ್ಟಿಹೋಗಿರುವ ಈ ಬೆರಳುಗಳು, ಹಾಲಿನ ಅಂಚಿನಲ್ಲಿ ಗುಳ್ಳೆ ಏಳತೊಡಗಿದಾಗ, 'ಹೂಂ, ಈಗ ಬೆಚ್ಚಗಾಯಿತು' ಎಂದು ವರದಿ ಕೊಟ್ಟವು. ಆ ವರದಿಯನ್ನು ನಂಬಿ ತಮ್ಮ ಯೀಸ್ಟನ್ನು ಹಾಲಿಗೆ ಸುರಿದೆ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡರಂತೆ ಎನ್ನುತ್ತಾರಲ್ಲ, ಇಲ್ಲಿ ಉಗುರೇ ಕೊಡಲಿಯಾಯಿತು. ಯೀಸ್ಟಿನ ಲಕ್ಷಾಂತರ ಜೀವಗಳು ಆ ಬಿಸಿಗೆ ಒಂದು ಚೀತ್ಕಾರವೂ ಇಲ್ಲದೆ, ಒಂದು ಅರ್ಜಿಯೂ ಇಲ್ಲದೆ ಪ್ರಾಣಬಿಟ್ಟವು. ಅಷ್ಟು ಶಿಸ್ತಿನ ನೌಕರರನ್ನು ತಯಾರು ಮಾಡಿರುವ ತಮ್ಮ ಕಂಪನಿಗೆ ನನ್ನ ಅಭಿನಂದನೆಗಳು ಸಲ್ಲುತ್ತವೆ.

ಇದೊಂದೂ ತಿಳಿಯದ ನಾನು ಹಿಟ್ಟನ್ನು ನಾದಿ, ಪಾತ್ರೆಯ ಹೊರಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಅಳತೆಯ ಟೇಪು ಹಿಡಿದು ಎದುರಿಗೆ ಕುಳಿತೆ. 'ಒಂದು ಗಂಟೆ ಬಿಟ್ಟರೆ ತಾನಾಗಿಯೇ ಎರಡು ಪಟ್ಟು ಉಬ್ಬುತ್ತದೆ' ಎಂದು ತಾವು ಬರೆದಿದ್ದೀರಿ. ಒಂದು ಗಂಟೆಯ ನಂತರ ಅದು ನಾನಿಟ್ಟಲ್ಲೇ, ಅರ್ಜಿದಾರನ ಮುಖ ಕಂಡರೂ ಕುರ್ಚಿ ಬಿಟ್ಟೇಳದ ಹಿರಿಯ ಅಧಿಕಾರಿಯ ಹಾಗೆ ಕುಳಿತಿತ್ತು. ಕಂಬಳಿ ಹೊದಿಸಿದೆ. ಫ್ರಿಜ್ಜಿನ ಮೇಲಿಟ್ಟೆ. ಕಿಟಕಿಯ ಬಿಸಿಲಿಗೆ ತಂದೆ. ಕೊನೆಗೆ ತೊಡೆಯ ಮೇಲಿಟ್ಟುಕೊಂಡು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, "ಏಳಪ್ಪಾ" ಎಂದು ಬೇಡಿಕೊಂಡೂ ನೋಡಿದೆ. ಟೇಪಿನ ಪ್ರಕಾರ ಏರಿಕೆ ಸೊನ್ನೆ.

ಆದರೂ ಎದೆಗುಂದದೆ ಹನ್ನೆರಡು ಉಂಡೆ ಕಟ್ಟಿದೆ. ಹಿಟ್ಟನ್ನು ನೀರಿನಲ್ಲಿ ಕಲಸಿದ ಸರಿಯಿಂದ ಮೇಲೆ ಅಡ್ಡ ಒಂದು, ಉದ್ದ ಒಂದು ಗೆರೆ ಎಳೆಯಬೇಕೆಂಬ ಭಾಗ ಬಂದಾಗ ಮಾತ್ರ ನನ್ನ ಉತ್ಸಾಹ ಮರಳಿತು. ಅಡ್ಡಪಟ್ಟಿ ಕೂರಿಸುವುದೇ ನನ್ನ ಕಸುಬು. ವರ್ಕ್‌ಶಾಪಿನಿಂದ ಮೂಲೆಮಟ್ಟ ತರಿಸಿ, ತೊಳೆದು, ಹನ್ನೆರಡಕ್ಕೂ ಇಟ್ಟು ನೋಡಿ ಎಳೆದೆ. ಒಂದೊಂದು ಶಿಲುಬೆಯೂ ತೊಂಬತ್ತು ಡಿಗ್ರಿ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಓವನ್ನಿನಿಂದ ಹೊರಬಂದಾಗಲೂ ಅವು ಹಾಗೆಯೇ ಇದ್ದವು. ಅವುಗಳ ಕೆಳಗಿದ್ದದ್ದು ಬನ್ನು ಹೌದೋ ಅಲ್ಲವೋ ಎಂಬುದಷ್ಟೇ ವಿವಾದ. ಒಂದು ಕೈತಪ್ಪಿ ನೆಲಕ್ಕೆ ಬಿತ್ತು. ಕೆಳಮನೆಯ ಟೈಲರಮ್ಮ ಮೆಟ್ಟಿಲ ಹತ್ತಿರ ಬಂದು, "ಸುತ್ತಿಗೆ ಬಿತ್ತಾ ಅಣ್ಣಾ?" ಎಂದು ಕೇಳಿದರು. ಹೌದೆಂದೆ.

ಆ ಸದ್ದಿಗೆ ಮನೆಯಾಕೆಯೂ ಸೂಜಿ ಹಿಡಿದುಕೊಂಡೇ ಬಾಗಿಲಿಗೆ ಬಂದಳು. ನಗುತ್ತಾಳೆಂದುಕೊಂಡೆ, ನಗಲಿಲ್ಲ. ಹಾಲಿನ ಪಾತ್ರೆಯ ತಳ ಹಿಡಿದಿರುವುದನ್ನು ನೋಡಿದಳು, ನನ್ನ ಬೆರಳುಗಳನ್ನು ನೋಡಿದಳು. "ನಿಮ್ ಉಗುರನ್ನ ಕೇಳಿದ್ರೆ ಅದೇನ್ ಹೇಳುತ್ತೆ? ಮಣಿಕಟ್ಟಿನ ಒಳಗಡೆ ಒಂದು ಹನಿ ಹಾಕ್ಕೊಳ್ಳಿ" ಎಂದು ಹೇಳಿ ಹೊರಟುಹೋದಳು. ತಾವು ಒಂದು ಪ್ಯಾಕೆಟ್ಟಿನ ತುಂಬಾ ಬರೆದೂ ತಿಳಿಸಲಾಗದಿದ್ದದ್ದು ಆಕೆಯ ಒಂದೇ ಮಾತಿನಲ್ಲಿ ತಿಳಿಯಿತು.

ಎರಡು ಗಂಟೆಗೆ ಮತ್ತೆ ಶುರು ಮಾಡಿದೆ. ಅಂಗಿಯ ತೋಳು ಮಡಿಸಿ, ಕಿಡಿ ತಾಗದೆ ಉಳಿದಿದ್ದ ಒಳಮಣಿಕಟ್ಟಿನ ಮೇಲೆ ಹಾಲಿನ ಹನಿ ಬಿಟ್ಟುಕೊಂಡಾಗ, ಬೆಚ್ಚಗೆ ಎಂದರೆ ಹೀಗೆಯೋ ಎಂದು ಈ ವಯಸ್ಸಿನಲ್ಲಿ ಗೊತ್ತಾಯಿತು. ಹತ್ತು ನಿಮಿಷದಲ್ಲಿ ಹಾಲು ನೊರೆಗಟ್ಟಿತು. ನಾದಿದ ಹಿಟ್ಟನ್ನು ಬಿಸಿಲಿಗಿಟ್ಟರೆ ಬಿಸಿಲು ಸರಿಯಿತು, ಪಾತ್ರೆಯನ್ನೂ ಸರಿಸಿದೆ. ಗಾಳಿ ಬಂತು, ಕಿಟಕಿ ಮುಚ್ಚಿದೆ. ಮೇಲಿನ ಬಟ್ಟೆ ಒಣಗಿತು. ಒದ್ದೆ ಮಾಡಿ ಮತ್ತೆ ಹೊದಿಸಿದೆ. ಆ ಒಂದು ಗಂಟೆಯಲ್ಲಿ ನಾನು ಹನ್ನೊಂದು ಸಲ ಎದ್ದೆ. ಪ್ರತಿವರ್ಷ ಆಕೆಯೂ ಹೀಗೆಯೇ ಎದ್ದು ಕೂತು ಮಾಡುವುದನ್ನು ನಾನು ಪೇಪರು ಓದುತ್ತಾ ನೋಡಿದ್ದೆ. ಸುಮ್ಮನೆ ಓಡಾಡುತ್ತಾಳೆ ಎಂದುಕೊಂಡಿದ್ದೆ. ಅದು ನೆನಪಾಗಿ ನನಗೆ ಬಹಳ ನಾಚಿಕೆಯಾಯಿತು.

ಐದಕ್ಕೆ ಅತಿಥಿಗಳು ಬಂದರು. ಬನ್ನುಗಳು ಉಬ್ಬಿದ್ದವು, ತಳದಲ್ಲಿ ಸೀದಿದ್ದವು, ಉಬ್ಬಿದ ರಭಸಕ್ಕೆ ಶಿಲುಬೆಗಳೆಲ್ಲ ಸೊಟ್ಟಗಾಗಿ ಒಂದೂ ತೊಂಬತ್ತು ಡಿಗ್ರಿಯಲ್ಲಿ ಉಳಿದಿರಲಿಲ್ಲ. ಅತ್ತೆಯವರು ಹಲ್ಲಿನ ಸೆಟ್ಟನ್ನು ಮುಂಜಾಗ್ರತೆಯಿಂದ ತೆಗೆದಿಟ್ಟು, ಚಹಾದಲ್ಲಿ ಅದ್ದಿ ತಿಂದು, "ಕೆಳಗೆ ಕರ್ಕಲು, ಮೇಲೆ ಪರವಾಗಿಲ್ಲ" ಎಂದು ತೀರ್ಪಿತ್ತರು. ಭಾವನವರು ಕಣ್ಣು ಮಿಟುಕಿಸಿ, "ಏನಪ್ಪಾ, ತಾನಾಗೇ ಉಬ್ತಾ?" ಎಂದರು. "ಇಲ್ಲ ಭಾವ" ಎಂದೆ. ಇನ್ನೇನೋ ಹೇಳಬೇಕಿತ್ತು, ಬಾಯಿ ತುಂಬಾ ಬನ್ನಿತ್ತು. ಮನೆಯಾಕೆ ಒಂದನ್ನು ಪೂರ್ತಿ ತಿಂದು, ತಟ್ಟೆಗಳನ್ನು ಒಳಗೆ ತೆಗೆದುಕೊಂಡು ಹೋದಳು. ನಾಲ್ಕು ದಿನವಾಯಿತು, ಓವನ್ ಮತ್ತೆ ತಣ್ಣಗಿದೆ, ಮನೆಯೂ ಮೊದಲಿನಂತೆಯೇ ಇದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಗಳು ಇವು. ಸರಕಾರದೊಡನೆ ವ್ಯವಹರಿಸಿ, ರಾಷ್ಟ್ರೀಯ ಮಟ್ಟದ ಒಂದು ಪ್ರಮಾಣಿತ ಉಗುರನ್ನು ಗೊತ್ತುಮಾಡಿಸಿ, ಅದರ ನಕಲನ್ನು ಪ್ರತಿ ಪ್ಯಾಕೆಟ್ಟಿನೊಳಗೆ ಇಡಬೇಕು. ವೆಲ್ಡರುಗಳಿಗೂ ಕಮ್ಮಾರರಿಗೂ ಇಸ್ತ್ರಿಯವರಿಗೂ ಬೇರೆಯದೇ ಪ್ಯಾಕೆಟ್ ಹೊರಡಿಸಬೇಕು. 'ತಾನಾಗಿಯೇ' ಎಂಬ ಪದವನ್ನು ಕೂಡಲೇ ಕಿತ್ತುಹಾಕಬೇಕು. ಕೀಳಲು ಮನಸ್ಸಿಲ್ಲವಾದರೆ, ಆ ಪದವನ್ನು ನಂಬಿದ ಪ್ರತಿ ಮನೆಗೂ ತಾವೇ ದಯಮಾಡಿಸಿ, ಪಾತ್ರೆಯ ಪಕ್ಕದಲ್ಲಿ ಒಂದು ಗಂಟೆ ಕುಳಿತು, ಬಿಸಿಲು ಸರಿದಂತೆಲ್ಲ ಪಾತ್ರೆ ಸರಿಸಬೇಕು. ಮತ್ತು ನಮ್ಮ ಮನೆಯಾಕೆಗೆ, ಹೋದ ವರ್ಷದ ಆ ಮಾತಿಗೆ ಸಂಬಂಧಪಟ್ಟಂತೆ, ತಮ್ಮ ಕಂಪನಿಯ ಮುದ್ರೆಯಿರುವ ಕಾಗದದಲ್ಲಿ ಕ್ಷಮಾಪಣೆ ಬರೆದು, ಸಹಿ ಮಾಡಿ ಕಳಿಸಿಕೊಡಬೇಕು.

ಇನ್ನು ಮುಂದೆ ಯಾವ ಪ್ಯಾಕೆಟ್ಟಿನ ಹಿಂಬದಿಯನ್ನೂ ಓದಬಾರದೆಂದು ತೀರ್ಮಾನಿಸಿರುವ,

ತಮ್ಮ ವಿಶ್ವಾಸಿ,
ಒಬ್ಬ ವೆಲ್ಡರ್

ಮರೆತ ಮಾತು: ಲಕೋಟೆ ಅಂಟಿಸುವ ಮೊದಲು ಅಕ್ಷರ ತಪ್ಪುಗಳಿದ್ದರೆ ತಿದ್ದಲಿ ಎಂದು ಈ ಪತ್ರವನ್ನು ಮನೆಯಾಕೆಗೆ ಕೊಟ್ಟೆ. ಪೂರ್ತಿ ಓದಿದಳು. "ಇಷ್ಟುದ್ದ ಬರ್ದಿದೀರಲ್ಲ, ನನ್ನ ಹತ್ರ ನೀವು ತಪ್ಪಾಯ್ತು ಅಂದಿರೋದು ಎಲ್ಲಿದೆ?" ಎಂದು ಕೇಳಿ ಹಿಂದಕ್ಕೆ ಕೊಟ್ಟಳು. ಮೂರೂ ಹಾಳೆಗಳನ್ನು ಎರಡು ಸಲ ತಿರುವಿ ಹುಡುಕಿದೆ, ಎಲ್ಲೂ ಇರಲಿಲ್ಲ. ಹೀಗಾಗಿ ಅಧ್ಯಕ್ಷರೇ, ಪತ್ರದ ವಿಳಾಸವೇ ತಪ್ಪಾಗಿದೆ. ಇದು ತಮ್ಮ ಕೈಸೇರಿದರೆ ದಯವಿಟ್ಟು ಓದಬೇಡಿ. ಪತ್ರಗಳನ್ನು ಓದದಿರುವುದರಲ್ಲಿ ತಮ್ಮ ಕಚೇರಿಗೆ ಒಳ್ಳೆಯ ಅನುಭವವಿದೆಯೆಂದು ಕೇಳಿದ್ದೇನೆ, ಕಷ್ಟವಾಗಲಾರದು. ನನಗೆ ಮಾತ್ರ ಈಗ ಸ್ವಲ್ಪ ಕಷ್ಟವಿದೆ. ಆಕೆ ಪಕ್ಕದ ಕೋಣೆಯಲ್ಲೇ ಇದ್ದಾಳೆ, ಬಾಗಿಲು ತೆರೆದಿದೆ, ಮತ್ತು ಅವಳಿಗೆ ಬರೆದು ಕೊಟ್ಟರೆ ನಡೆಯುವುದಿಲ್ಲವಂತೆ.