ಮಾವ್ಶಿಯ ಕೊಡೆ ಮತ್ತು ದ್ವೀಪದ ಹುಡುಗಿ

ನಮ್ಮ ಮಾವ್ಶಿಯ ಕಾಲದಲ್ಲಿ ಮಂಗಳೂರಿಗೆ ಬಂದ ಇಂಗ್ಲಿಷ್ ಸಿನೆಮಾಗಳಲ್ಲಿ ಒಬ್ಬನೇ ಒಬ್ಬ ನಾಯಕನೂ ಮದುವೆಗೆ ಮೊದಲು ನಾಯಕಿಯ ಕೈ ಮುಟ್ಟಿದ್ದಿಲ್ಲ! ನಂಬುವುದಿಲ್ಲವೇ? ಕದ್ರಿಯ ನಮ್ಮ ಓಣಿಯ ಹೆಂಗಸರನ್ನು ಕೇಳಿ ನೋಡಿ, ಆಣೆ ಹಾಕಿ ಹೇಳುತ್ತಾರೆ. ಅವರನ್ನು ಹಾಗೆ ನಂಬಿಸಿದವಳು ನನ್ನ ಅಮ್ಮನ ಅಕ್ಕ, ಅಂದರೆ ನಮ್ಮ ಕೊಂಕಣಿಯಲ್ಲಿ ಮಾವ್ಶಿ. ಕೊಡಿಯಾಲ್‌ಬೈಲಿನ ಶಾಲೆಯೊಂದರಲ್ಲಿ ಇಂಗ್ಲಿಷ್ ಟೀಚರ್. ಮದುವೆಯಾಗಿರಲಿಲ್ಲ, ಅಜ್ಜಿಯೊಂದಿಗೆ ನಮ್ಮ ಮನೆಯಲ್ಲೇ ಇದ್ದಳು.

ಹೊಸ ಸಿನೆಮಾ ಬಂದರೆ ಮೊದಲು ಮಾವ್ಶಿ ಒಬ್ಬಳೇ ಹೋಗಿ ನೋಡಬೇಕು. ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಮೆಟ್ಟಿಲಲ್ಲಿ ನಿಂತು ತೀರ್ಪು ಕೊಡುತ್ತಿದ್ದಳು. "ಕೊಡೆ ಬೇಡ" ಎಂದರೆ ಮಕ್ಕಳುಮರಿ ಸಮೇತ ಹೋಗಬಹುದು. "ಒಂದು ಕೊಡೆ" ಎಂದರೆ ಒಂದು ಕಡೆ ಅಪಾಯ ಉಂಟು, ಆ ಹೊತ್ತಿಗೆ ಮಾವ್ಶಿ ತನ್ನ ಕರಿ ಕೊಡೆಯನ್ನು ಮಕ್ಕಳ ಮುಖಕ್ಕೆ ಅಡ್ಡ ಬಿಚ್ಚುತ್ತಾಳೆ. "ಮೂರು ಕೊಡೆ" ಎಂದರೆ ಹೆಂಗಸರು ಶಿಲುಬೆಯ ಗುರುತು ಹಾಕಿಕೊಂಡು ಸೀದಾ ಮನೆಗೆ. ಗಂಡಸರು ಮಾತ್ರ ಅವತ್ತೇ ಮ್ಯಾಟಿನಿಗೆ ಹೋಗುತ್ತಿದ್ದರಂತೆ!

ಒಮ್ಮೆ ಕೊಡೆ ಬಿಚ್ಚಿದ ಕೂಡಲೇ ಹಿಂದಿನಿಂದ ಯಾರೋ ಕೂಗಿದರು: "ಓ ಬಾಯಮ್ಮಾ, ಒಳಗೆ ಮಳೆ ಉಂಟಾ?"

"ಮಳೆ ಇಲ್ಲ ಮಾರಾಯ, ಮಾನ ಉಂಟು!" ಎಂದಳು ಮಾವ್ಶಿ. ಹೇಳಿ ನಕ್ಕಳು. ಆ ನಗುವಿನ ಬಗ್ಗೆ ಆಮೇಲೆ ಹೇಳುತ್ತೇನೆ.

ಕೊಡೆಯದ್ದು ಅರ್ಧ ಕೆಲಸವಾದರೆ ನಾಲಿಗೆಯದ್ದು ಉಳಿದರ್ಧ. ಇಂಗ್ಲಿಷ್ ಬಾರದ ಹೆಂಗಸರ ಸಾಲಿಗೆ ಮಾವ್ಶಿ ಸಾಲುಸಾಲಾಗಿ ಅರ್ಥ ಹೇಳಬೇಕು. ಪಕ್ಕದ ಮನೆಯ ನೆಬಿಸಮ್ಮ, ಜವಳಿ ಅಂಗಡಿ ಬ್ಯಾರಿಯವರ ಹೆಂಡತಿ, ಯಾವಾಗಲೂ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: "ಟೀಚರೇ, ಇವರಿಬ್ಬರಿಗೆ ಮದುವೆ ಆಗಿ ಉಂಟಾ?"

"ಹೋದ ವರ್ಷವೇ ಆಗಿದೆ. ಅದು ಇವರು ತೋರಿಸಲಿಲ್ಲ."

ಮಾವ್ಶಿಯ ಬಾಯಲ್ಲಿ ವಿಸ್ಕಿ ಜೀರಿಗೆ ಕಷಾಯವಾಗುತ್ತಿತ್ತು. ಖಳನಾಯಕ ಗುಂಡು ತಗಲಿ ಬಿದ್ದರೆ, ಅವನು ಸತ್ತದ್ದು ಗುಂಡಿನಿಂದಲ್ಲ, ಆರು ತಿಂಗಳು ಇಗರ್ಜಿಗೆ ಹೋಗದೆ! ಇಂಥ ಸಿನೆಮಾ ಯಾವ ಊರಿನವರಿಗೆ ಸಿಕ್ಕೀತು ಹೇಳಿ?

ಇನ್ನು ಆ ನಗು. ಮಾವ್ಶಿ ನಮ್ಮ ಅಂಗಳದಲ್ಲಿ ನಕ್ಕರೆ ಗುಡ್ಡದ ಕೆಳಗಿನ ನಾಯಿಗಳು ಎದ್ದು ಕೂರುತ್ತಿದ್ದವು. ಪ್ರಾಯದಲ್ಲಿ ನೋಡಲು ಬಂದ ಒಬ್ಬ ಗಂಡು, ತನಗೆ ಕುದುರೆ ಸವಾರಿ ಗೊತ್ತೆಂದು ಹೇಳುತ್ತಾ ಚಹಾವನ್ನು ತನ್ನ ತೊಡೆಗೇ ಸುರಿದುಕೊಂಡನಂತೆ. ಮಾವ್ಶಿ ನಕ್ಕಳು. ಆ ಸಂಬಂಧ ಅಲ್ಲಿಗೆ ಮುಗಿಯಿತು. ಎರಡನೆಯದೂ, ಮೂರನೆಯದೂ ಹಾಗೆಯೇ ಹೋದವು. "ಹೆಣ್ಣಿಗೆ ಅಷ್ಟು ದೊಡ್ಡ ಬಾಯಿ ಯಾಕೆ?" ಎನ್ನುವುದು ಊರಿನ ತಕರಾರು.

ನಲವತ್ತನೆಯ ವಯಸ್ಸಿಗೆ ಮತ್ತೊಂದು ಸಂಬಂಧ ಬಂತು. ಬೊಂಬಾಯಿಯ ಆಫೀಸೊಂದರಲ್ಲಿ ಹೆಡ್ ಕ್ಲಾರ್ಕ್, ವಿಧುರ, ರಜೆಯಲ್ಲಿ ಬಂದಿದ್ದರು. ಅವರ ಪರವಾಗಿ ಮಾತಾಡಿದವರು ಬಿಕರ್ನಕಟ್ಟೆಯ ಅವರ ಅಕ್ಕ. ನಮ್ಮ ಚಾವಡಿಯಲ್ಲಿ ಕುಳಿತು ಬೆರಳು ಮಡಚಿದರು: "ಕೆಲಸ ಬಿಡ್ಬೇಕು. ಒಬ್ಬಳೇ ಟಾಕೀಸಿಗೆ ಹೋಗುವುದು ನಿಲ್ಲಿಸ್ಬೇಕು. ಮತ್ತೆ, ಬೇಜಾರು ಮಾಡ್ಬೇಡಿ, ಆ ನಗು... ನಮ್ಮ ತಮ್ಮನಿಗೆ ಗಲಾಟೆ ಆಗುವುದಿಲ್ಲ."

ಅಜ್ಜಿ ಮಾವ್ಶಿಯ ಕೈ ಹಿಡಿದುಕೊಂಡಳು. "ಇದೊಂದು ಸಲ ನಗಬೇಡ ಮಗಾ. ನಾನು ಕಣ್ಣು ಮುಚ್ಚಿದ ಮೇಲೆ ನಿನಗೆ ಯಾರುಂಟು?"

ಮಾವ್ಶಿಗೂ ಆಸೆ ಇತ್ತು. ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಪೆಟ್ಟಿಗೆಯಿಂದ ನೀಲಿ ಸೀರೆ ತೆಗೆದು ಇಸ್ತ್ರಿ ಹಾಕಿದಳು. ಮೂರು ವಾರ ನಗಲಿಲ್ಲ, ಸಿನೆಮಾಕ್ಕೆ ಹೋಗಲಿಲ್ಲ. ನಗು ಬಂದರೆ ಸೆರಗನ್ನು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಓಡುತ್ತಿದ್ದಳು. ನನಗಂತೂ ಮನೆಯಲ್ಲಿ ಯಾರೋ ಕಾಯಿಲೆ ಬಿದ್ದಂತೆ ಅನ್ನಿಸುತ್ತಿತ್ತು.

ಆಗ ಬಂತು ದ್ವೀಪದ ಸಿನೆಮಾ. ಇಡೀ ಕುಟುಂಬ ಕೂತು ನೋಡುವಂಥದ್ದು ಎಂದು ಊರೆಲ್ಲ ಹೊಗಳಿತು. ಬಿಕರ್ನಕಟ್ಟೆಯ ಅಕ್ಕ ತಾವಾಗಿಯೇ ಕರೆದರು. "ಒಟ್ಟಿಗೆ ನೋಡುವ. ಮುಗಿದ ಮೇಲೆ ನಿಮ್ಮ ಮಾತು ಹೇಳಿಬಿಡಿ. ತಮ್ಮ ನಾಳೆ ಬೊಂಬಾಯಿ ಹಡಗು ಹತ್ತುತ್ತಾನೆ."

ಮ್ಯಾಟಿನಿಗೆ ಹೋದೆವು. ಆ ಅಕ್ಕ, ಮಾವ್ಶಿ, ಅಜ್ಜಿ, ನಾನು, ತುದಿಯಲ್ಲಿ ನೆಬಿಸಮ್ಮ. ಮಾವ್ಶಿ ಸಹ ಆ ಸಿನೆಮಾ ನೋಡುತ್ತಿದ್ದದ್ದು ಅದೇ ಮೊದಲು.

ಕತೆ ಸಣ್ಣದು. ದ್ವೀಪದಲ್ಲಿ ಬರಿಗಾಲಲ್ಲಿ ಓಡಾಡುವ ಒಬ್ಬ ಹುಡುಗಿ. ಬೆಸ್ತರ ಮಕ್ಕಳಿಗೆ ಮರಳಲ್ಲಿ ಅಕ್ಷರ ಬರೆಸುತ್ತಾಳೆ, ಬಾಯಿ ತುಂಬ ನಗುತ್ತಾಳೆ. ಹಡಗು ಕೆಟ್ಟು ಅಲ್ಲಿ ಇಳಿದ ಒಬ್ಬ ದೊಡ್ಡಮನೆಯ ಅಧಿಕಾರಿಗೆ ಅವಳ ಮೇಲೆ ಪ್ರೀತಿ. ಪ್ರೀತಿಯಾದ ಮೇಲೆ ಅವನು ಮಾಡಿದ ಮೊದಲ ಕೆಲಸ ಎಂತ ಗೊತ್ತೇ? ಅವಳನ್ನು ತಿದ್ದುವುದು! ಕಾಲಿಗೆ ಬೂಟು ಹಾಕಿಸಿದ. ಮೆಲ್ಲಗೆ ನಡೆ ಎಂದ. ನಗುವಾಗ ಹಲ್ಲು ಕಾಣಬಾರದು, ನನ್ನ ಅಮ್ಮನಿಗೆ ಆಗುವುದಿಲ್ಲ ಎಂದ. ಅರ್ಥ ಹೇಳುತ್ತಿದ್ದ ಮಾವ್ಶಿಯ ಸ್ವರ ಸಣ್ಣದಾಗುತ್ತಾ ಬಂತು. ಬಿಕರ್ನಕಟ್ಟೆಯ ಅಕ್ಕ ತಲೆಯಾಡಿಸಿದರು. "ಒಳ್ಳೆ ಹುಡುಗ ಪಾಪ. ಎಷ್ಟು ಚಂದ ಕಲಿಸ್ತಾನೆ!"

ಕಡೆಯ ದೃಶ್ಯ. ದೂರದಲ್ಲಿ ಹಡಗು ನಿಂತಿದೆ, ದಡದಲ್ಲಿ ಸಣ್ಣ ದೋಣಿ. ಅವನು ಕೈ ಚಾಚಿದ. ಹುಡುಗಿ ಕಣ್ಣೀರಿಟ್ಟು ಏನೋ ಉದ್ದಕ್ಕೆ ಹೇಳಿದಳು.

"ಎಂತ ಹೇಳಿದಳು ಟೀಚರೇ?" ನೆಬಿಸಮ್ಮ ಕೇಳಿದರು.

ಮಾವ್ಶಿ ಗಂಟಲು ಸರಿಮಾಡಿಕೊಂಡಳು. ಆಮೇಲೆ ಕ್ಲಾಸಿನಲ್ಲಿ ಪಾಠ ಹೇಳುವ ಸ್ವರದಲ್ಲಿ, ಟಾಕೀಸಿಗೆಲ್ಲ ಕೇಳುವ ಹಾಗೆ ಹೇಳಿದಳು: "ಅವಳು ಹೇಳ್ತಾಳೆ, ನಾನು ಬರುವುದಿಲ್ಲ. ನಿನಗೆ ಬೇಕಾದ ಹೆಂಗಸು ನಾನಲ್ಲ. ನನ್ನ ಮಕ್ಕಳು ಇಲ್ಲಿದ್ದಾರೆ, ನನ್ನ ನಗು ಇಲ್ಲಿ ಉಂಟು. ಎರಡನ್ನೂ ಬಿಟ್ಟು ಬಂದರೆ ನೀನು ಕರ್ಕೊಂಡು ಹೋಗುವುದು ಯಾರನ್ನು?"

"ಅಯ್ಯೋ, ದೋಣಿ ಹತ್ತಿದಳಲ್ಲ!"

"ಹಡಗಿನ ತನಕ ಬಿಟ್ಟು ಬರ್ಲಿಕ್ಕೆ. ಅವನಿಗೆ ಹುಟ್ಟು ಹಾಕ್ಲಿಕ್ಕೆ ಗೊತ್ತಿಲ್ಲ."

ದೋಣಿಯಲ್ಲಿ ಇಬ್ಬರೂ ಅಪ್ಪಿಕೊಂಡರು. "ಕೊಡೆ! ಟೀಚರೇ, ಕೊಡೆ!" ನೆಬಿಸಮ್ಮ ಕಿರುಚಿದರು.

"ಇದಕ್ಕೆ ಕೊಡೆ ಬೇಡ" ಎಂದಳು ಮಾವ್ಶಿ. ಮತ್ತೆ ನಕ್ಕಳು ನೋಡಿ! ಮೂರು ವಾರದ ನಗು ಒಟ್ಟಿಗೇ ಹೊರಬಿತ್ತು.

ಮೆಟ್ಟಿಲಿಳಿಯುವಾಗ ಬಿಕರ್ನಕಟ್ಟೆಯ ಅಕ್ಕ ಕೇಳಿದರು, "ಹಾಗಾದ್ರೆ ತಮ್ಮನಿಗೆ ಎಂತ ಹೇಳ್ಲಿ?"

"ಸಿನೆಮಾ ಕತೆ ಹೇಳಿ ಬಾಯಮ್ಮಾ" ಎಂದಳು ಮಾವ್ಶಿ.

ಮನೆ ತಲುಪುವವರೆಗೂ ಅಜ್ಜಿ ಅಳುತ್ತಲೇ ಇದ್ದಳು.

ಏಳೆಂಟು ವರ್ಷ ಕಳೆಯಿತು. ಮಾವ್ಶಿಯೇ ಕಲಿಸಿದ ಇಂಗ್ಲಿಷ್ ನನ್ನ ತಲೆಯಲ್ಲಿ ಸಾಕಷ್ಟು ಕೂತಿತ್ತು. ಅದೇ ಸಿನೆಮಾ ಅದೇ ಟಾಕೀಸಿಗೆ ಮತ್ತೆ ಬಂದಾಗ ಕಾಲೇಜಿನ ಗೆಳತಿಯರೊಂದಿಗೆ ಹೋದೆ. ಕಡೆಯ ದೃಶ್ಯದಲ್ಲಿ ಹುಡುಗಿ ಹೇಳಿದ್ದು ಕೇಳಿ ಕುರ್ಚಿಯಿಂದ ಬೀಳುವುದೊಂದು ಬಾಕಿ. "ನೀನು ಹೇಳಿದ ಹಾಗೆ ಇರುತ್ತೇನೆ, ನನ್ನನ್ನು ಬಿಟ್ಟು ಹೋಗಬೇಡ" ಎನ್ನುತ್ತಿದ್ದಾಳೆ!

ಮನೆಗೆ ಓಡಿದೆ. ಮಾವ್ಶಿ ಕೆಂಪು ಶಾಯಿಯ ಪೆನ್ನು ಹಿಡಿದು ಪರೀಕ್ಷೆಯ ಪೇಪರು ನೋಡುತ್ತಿದ್ದಳು.

"ಮಾವ್ಶಿ, ನೀನು ಸುಳ್ಳು ಹೇಳಿದ್ದೆ! ಅವಳು ಹಾಗೆ ಹೇಳಲೇ ಇಲ್ಲ!"

"ಹೌದು, ಅವಳು ಉತ್ತರ ತಪ್ಪು ಬರೆದಿದ್ದಳು. ನಾನು ತಿದ್ದಿದೆ" ಎಂದಳು, ತಲೆ ಎತ್ತದೆ.

ನಾನು ಹೊಟ್ಟೆ ಹಿಡಿದು ನಕ್ಕೆ. ನನ್ನ ನಗುವೂ ಈಗ ಅವಳದ್ದರ ಹಾಗೆಯೇ, ನಾಯಿಗಳು ಎದ್ದು ಕೂರುವಂಥದ್ದು. ನಕ್ಕು ಮುಗಿದ ಮೇಲೆ ಕೇಳಿದೆ, "ಎಲ್ಲ ಸರಿ, ಆದರೆ ಅಪ್ಪಿಕೊಳ್ಳುವಾಗ ಕೊಡೆ ಯಾಕೆ ಬಿಚ್ಚಲಿಲ್ಲ? ಸಣ್ಣವಳು ನಾನಿದ್ದೆನಲ್ಲ?"

ಮಾವ್ಶಿ ಪೆನ್ನು ಕೆಳಗಿಟ್ಟಳು.

"ಬಿಚ್ಚಲಿಕ್ಕೆ ನೋಡಿದೆ ಮಗಾ. ಕೈ ನಡುಗ್ತಿತ್ತು. ಆಗಲಿಲ್ಲ."