ಕಣಗಿಲೆ ಕೀಳುವವರು ಬರಲಿಲ್ಲ

ಅತ್ತೆ ತೀರಿಕೊಂಡರೆ ಸೊಸೆಯಾದವಳು ಎಷ್ಟು ಅಳಬೇಕೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೆಚ್ಚು ಅತ್ತರೆ ನಾಟಕ ಎನ್ನುತ್ತಾರೆ, ಅಳದಿದ್ದರೆ ಕಲ್ಲು ಎನ್ನುತ್ತಾರೆ. ಈರುಳ್ಳಿ ಹೆಚ್ಚುವ ಹೊತ್ತಿನಲ್ಲಿ ಅತ್ತು ಮುಗಿಸೋಣ ಎಂದುಕೊಂಡಿದ್ದೆ. ಆದರೆ ಸೂತಕದ ಮನೆಯಲ್ಲಿ ಒಗ್ಗರಣೆಯಿಲ್ಲ, ಹಾಗಾಗಿ ಈರುಳ್ಳಿಯೂ ಇಲ್ಲ. ಇದ್ದ ಒಂದು ನೆಪವೂ ತಪ್ಪಿತು.

ಚಂದ್ರಾ ಲೇಔಟಿನ ನಮ್ಮ ಮನೆಯ ಗೇಟಿನ ಪಕ್ಕದಲ್ಲಿ ಒಂದು ಕೆಂಪು ಕಣಗಿಲೆ ಗಿಡವಿದೆ. ಅತ್ತೆ ಎಲ್ಲಿಂದಲೋ ಒಂದು ಕಡ್ಡಿ ತಂದು ಊರಿದ್ದು. ಬೋರ್‌ವೆಲ್ ಬತ್ತಿ ಬೀದಿಗೆಲ್ಲ ಟ್ಯಾಂಕರ್ ನೀರೇ ಗತಿಯಾಗಿದ್ದ ಬೇಸಿಗೆಯಲ್ಲಿ ನನ್ನ ಗುಲಾಬಿ ಕುಂಡಗಳು ಒಂದೊಂದಾಗಿ ಒಣಗಿದವು. ಕಣಗಿಲೆ ಮಾತ್ರ ಗೊಂಚಲು ಗೊಂಚಲಾಗಿ ಬಿಟ್ಟಿತು. "ಅದು ನಿನ್ನ ಥರ ಅಲ್ಲ ಕಣೇ, ಒಂದು ಬಿಸಿಲಿಗೆ ಮುಖ ಬಾಡಿಸ್ಕೊಳ್ಳಲ್ಲ" ಎಂದಿದ್ದರು ಅತ್ತೆ. ಅವರು ಅದಕ್ಕೆ ನೀರು ಹಾಕಿದ್ದನ್ನು ನಾನು ಕಂಡದ್ದು ಕಡಿಮೆ. ಹೊಸ ಚಿಗುರಿನ ತುದಿಯಲ್ಲೇ ಹೂ ಬರುವುದೆಂದು ವರ್ಷಕ್ಕೊಮ್ಮೆ ಕೊಂಬೆ ಸವರುತ್ತಿದ್ದರು. ಆಮೇಲೆ, "ಅದರ ಹಾಲು ವಿಷ, ಕೈ ತೊಳ್ಕೋ" ಎಂದು ಕತ್ತರಿ ಮುಟ್ಟದ ನನಗೂ ಕೈ ತೊಳೆಸುತ್ತಿದ್ದರು.

ಆ ಗಿಡಕ್ಕೊಬ್ಬ ಕಳ್ಳಿ ಇದ್ದರು. ಮುಂದಿನ ಕ್ರಾಸಿನ ಗೌರಮ್ಮ, ಅತ್ತೆಯ ಓರಗೆಯವರು. ದಿನಾ ಬೆಳಿಗ್ಗೆ ವಾಕಿಂಗ್ ನೆಪದಲ್ಲಿ ಕೊಕ್ಕೆ ಕಟ್ಟಿದ ಕೋಲು, ಪ್ಲಾಸ್ಟಿಕ್ ಕವರ್ ಹಿಡಿದು ಬರುತ್ತಿದ್ದರು. ಕೊಂಬೆ ಅಲುಗಿದ ಕೂಡಲೇ ಅತ್ತೆ ಕಿಟಕಿಗೆ ಓಡುತ್ತಿದ್ದರು.

"ಏನ್ರೀ ಗೌರಮ್ಮ, ನಿಮ್ಮ ಶಿವನಿಗೆ ನಮ್ಮ ಗಿಡಾನೇ ಆಗ್ಬೇಕಾ?"

"ಅವನು ನಿಮ್ಮ ಗಿಡ ನಮ್ಮ ಗಿಡ ಅಂತ ನೋಡ್ತಾನೇನ್ರೀ?"

"ಹಂಗಾದ್ರೆ ನಿಮ್ಮ ಮನೇಲಿ ನೆಟ್ಕೊಳ್ಳಿ!"

"ಮೂರನೇ ಮಹಡೀಲಿ, ಬಾಡಿಗೆ ಮನೇಲಿ, ನಿಮ್ಮ ತಲೆ ಮೇಲೆ ನೆಡ್ಲಾ?"

ಇಪ್ಪತ್ತಾರು ವರ್ಷ ನಾನು ಈ ಗಲಾಟೆಗೇ ಎದ್ದು ಕಾಫಿಗೆ ನೀರಿಟ್ಟವಳು. ನಮ್ಮ ಯಜಮಾನರು ಜಗಳದ ಸುದ್ದಿ ಓದುವಾಗಲೂ ತುಟಿ ಅಲುಗಿಸದವರು. ನಾನೂ ಅಷ್ಟೇ. ಮನೆಗೆ ಬೇಕಾದ ಸದ್ದನ್ನೆಲ್ಲ ಅತ್ತೆಯೇ ಒದಗಿಸುತ್ತಿದ್ದರು.

ಅವರು ಹೋದ ಮೇಲೆ ಗೌರಮ್ಮ ರಸ್ತೆಯ ಆಚೆ ಬದಿಯಲ್ಲಿ ನಡೆದು ಹೋಗತೊಡಗಿದರು. ಸೂತಕದ ಮನೆಯ ಹೂವು ದೇವರಿಗೆ ಆಗುವುದಿಲ್ಲ, ಸರಿ. ಹನ್ನೊಂದನೇ ದಿನದ ಕಾರ್ಯ ಮುಗಿದು ಮನೆಯೆಲ್ಲ ಶುದ್ಧ ಮಾಡಿದೆವು. ಹನ್ನೆರಡನೇ ದಿನ ಬೆಳಿಗ್ಗೆ ನಾನು ಬೇಗ ಎದ್ದು ಕಾದೆ. ಯಾರೂ ಬರಲಿಲ್ಲ. ಹೂವೆಲ್ಲ ಸ್ಕೂಟರಿನ ಸೀಟಿನ ಮೇಲೆ ಉದುರಿ ಕಂದಿದವು. ಏನು ಮಾಡಲೂ ತೋಚದೆ ದಿನಾ ಗಿಡಕ್ಕೆ ಒಂದು ಬಕೆಟ್ ನೀರು ಸುರಿದೆ. ಬರಗಾಲಕ್ಕೆ ಜಗ್ಗದ ಗಿಡ ನನ್ನ ಉಪಚಾರಕ್ಕೆ ಎಲೆ ಹಳದಿ ಮಾಡಿಕೊಂಡಿತು. ಮನೆಯ ಮೌನ ಮಾತ್ರ ಹಾಗೇ ಇತ್ತು. ಒಂದು ವಾರ ತಡೆದು, ಕೊನೆಗೆ ಮೂರು ಮಹಡಿ ಹತ್ತಿ ಹೋದೆ.

"ಸೂತಕ ಕಳೀತಲ್ಲಾ, ಹೂವಿಗೆ ಯಾಕೆ ಬರ್ತಿಲ್ಲ ನೀವು?"

"ಬಂದಿದ್ದೆ ಕಣಮ್ಮ, ಎರಡು ದಿನ. ನೀನು ಸ್ನಾನಕ್ಕೆ ಹೋಗಿದ್ದೆಯೇನೋ. ಕೋಲು ಎತ್ತಿದೆ. ಒಳಗಿಂದ ಯಾರೂ ಬೈಲಿಲ್ಲ. ಕೀಳೋಕೆ ಮನಸ್ಸು ಬರ್ಲಿಲ್ಲ, ವಾಪಸ್ ಬಂದ್ಬಿಟ್ಟೆ."

"ನಾಳೆ ಬನ್ನಿ. ನಾನು ಬೈತೀನಿ."

"ನೀನಾ?" ಎಂದು ಗೌರಮ್ಮ ನಕ್ಕರು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಮರುದಿನ ಬೆಳಿಗ್ಗೆ ಕೊಂಬೆ ಅಲುಗಿತು. ಕಿಟಕಿ ತೆರೆದೆ. "ಗೌರಮ್ಮನವರೇ, ಸ್ವಲ್ಪ ನೋಡ್ಕೊಂಡು..."

"ಕೇಳಿಸ್ತಿಲ್ಲ!"

"ಏನ್ರೀ ಗೌರಮ್ಮ! ನಾಚಿಕೆ ಆಗಲ್ವೇನ್ರೀ, ದಿನಾ ಬೇರೆಯವರ ಗಿಡ ಬೋಳಿಸೋಕೆ!"

ಆ ಧ್ವನಿ ನನ್ನೊಳಗೆ ಎಲ್ಲಿತ್ತೋ ಗೊತ್ತಿಲ್ಲ. ಕೈಯಲ್ಲಿದ್ದ ಪೇಪರ್ ಕೆಳಗಿಟ್ಟು ಯಜಮಾನರು ಎದ್ದು ಬಂದರು. ಗೌರಮ್ಮ ಕೊಂಬೆ ಬಗ್ಗಿಸಿ, "ನಾಕು ಹೂವಿಗೆ ಇಷ್ಟು ಬಾಯಾ!" ಎನ್ನುತ್ತ ಕವರ್ ತುಂಬಿಸಿಕೊಂಡರು. ಅವರ ಕೆನ್ನೆ ಒದ್ದೆಯಾಗಿತ್ತು, ನನ್ನದೂ.

ಎದುರು ಮನೆಯಾಕೆ ರಂಗೋಲಿ ಹಾಕುತ್ತಿದ್ದವರು ತಲೆಯೆತ್ತಿ ಪಕ್ಕದವರಿಗೆ ಹೇಳಿದರು: "ನೋಡ್ರೀ, ಅತ್ತೆ ಕಣ್ಮುಚ್ಚಿ ಇನ್ನೂ ತಿಂಗಳಾಗಿಲ್ಲ, ಸೊಸೆಗೆ ಬಾಯಿ ಬಂದ್ಬಿಡ್ತು."

ಅದನ್ನು ತಿದ್ದಲು ನಾನು ಹೋಗಲಿಲ್ಲ. ಅಭ್ಯಾಸವಿಲ್ಲದ ಗಂಟಲು ಆಗಲೇ ಕಟ್ಟಿತ್ತು. ನಾಳೆ ಬೆಳಿಗ್ಗೆಯ ಹೊತ್ತಿಗೆ ಸರಿಹೋಗಲೆಂದು ಒಳಗೆ ಹೋಗಿ ಉಪ್ಪುನೀರು ಮುಕ್ಕಳಿಸಿದೆ.