ಮುನ್ನೂರ ಹನ್ನೆರಡು ಪುಟ್ಟ ಕೊಲಾಚ್

ಏನಯ್ಯಾ, ನಾದಿದ ಹಿಟ್ಟು ಬೆಕ್ಕನ್ನು ಎತ್ತಲಾರದೇ? ಎತ್ತಿತು! ಪಾತ್ರೆಯ ಮುಚ್ಚಳದ ಮೇಲೆ ಮಲಗಿದ್ದ ಬೆಕ್ಕು ಕಣ್ಣು ಬಿಟ್ಟಾಗ ಸೂರಿನ ಹತ್ತಿರವಿತ್ತು. ನಗಬೇಡ. ನಮ್ಮ ಈ ಮೊರಾವಿಯಾ ಸೀಮೆಯಲ್ಲಿ ಯಾರನ್ನಾದರೂ ಕೇಳು. ಸರಿ, ಅಷ್ಟು ದೂರ ಬೇಡ, ಬೆಕ್ಕನ್ನೇ ಕೇಳು. ಇವತ್ತಿಗೂ ಮುಚ್ಚಳ ಕಂಡರೆ ಮಾರು ದೂರ ಹಾರುತ್ತದೆ. ಸುಮ್ಮನೆ ಕೂತು ಮೊದಲಿನಿಂದ ಕೇಳಿಸಿಕೋ.

ವೆಂದೆಲಿನ್ ಅಂತ ನಮ್ಮೂರಲ್ಲಿ ಒಬ್ಬ ಮುದುಕ. ಎಪ್ಪತ್ತೊಂದು ವರ್ಷ, ಹೆಂಡತಿ ತೀರಿಹೋಗಿ ಒಂಬತ್ತು. ನಲವತ್ತು ವರ್ಷ ರೈಲ್ವೆಯಲ್ಲಿ ಬಾವುಟ ಬೀಸಿದವನು. ನೋಡಲು ಲಕ್ಷಣವಾಗಿದ್ದ. ಇದನ್ನು ನಾನು ಹೇಳುತ್ತಿಲ್ಲ, ಊರೇ ಹೇಳುತ್ತದೆ. ಬೇಲಿಯಾಚೆಯ ಮನೆ ವಿಧವೆ ಅಪೊಲೆನಾಳದು. ಪ್ರತಿ ಭಾನುವಾರ ಬೆಳಿಗ್ಗೆ ಅವಳು ಅಂಗೈಯಗಲದ ಕೊಲಾಚ್ ಮಾಡುವಳು: ಮೆತ್ತನೆಯ ದುಂಡು ಬನ್ನು, ನಡುವೆ ಗುಳಿ, ಗುಳಿಯ ತುಂಬ ಕಪ್ಪು ಪ್ಲಮ್ ಜಾಮು. ಒಂದು ತಟ್ಟೆ ಬೇಲಿ ದಾಟಿ ಈಚೆಗೆ ಬರುವುದು. ಆ ತಟ್ಟೆಗಾಗಿಯೇ ವೆಂದೆಲಿನ್ ಸೋಮವಾರದಿಂದ ಶನಿವಾರದವರೆಗೆ ಜೀವ ಹಿಡಿದುಕೊಂಡಿರುತ್ತಿದ್ದ. ತಟ್ಟೆಗೋ, ತಟ್ಟೆ ಹಿಡಿದ ಕೈಗೋ, ಅದು ನಮಗೆ ಬೇಡ.

ಇಂಥ ಪುಣ್ಯಾತ್ಮ ಒಂದು ಭಾನುವಾರ ಬಾಯಿ ತುಂಬ ಕೊಲಾಚ್ ಇಟ್ಟುಕೊಂಡು ನುಡಿದ: "ಜಾಮು ಸ್ವಲ್ಪ ಕಮ್ಮಿಯಾಯ್ತೇನೋ, ಅಪೊಲೆನಾ."

ಅಪೊಲೆನಾ ತಟ್ಟೆಯನ್ನು ವಾಪಸ್ ಎಳೆದುಕೊಂಡಳು. "ಹೌದಾ? ಹಾಗಾದ್ರೆ ನೀವೇ ಮಾಡಿ. ನಾನು ತಿನ್ನೋ ಹಾಗಿರೋ ಒಂದೇ ಒಂದು ಕೊಲಾಚ್ ತಂದುಕೊಡೋವರೆಗೂ ಈ ತಟ್ಟೆ ಬೇಲಿ ದಾಟಲ್ಲ!"

"ಅದೇನು ಮಹಾ! ನಲವತ್ತು ವರ್ಷ ಎಕ್ಸ್‌ಪ್ರೆಸ್ ರೈಲು ನಿಲ್ಸಿದೀನಿ. ಒಂದು ಬನ್ನು ಮಾಡಕ್ಕಾಗಲ್ವಾ?"

"ರೈಲು ತಾನಾಗೇ ನಿಲ್ತಿತ್ತು ಕಣ್ರೀ. ನೀವು ಬಾವುಟ ಹಿಡ್ಕೊಂಡು ಪಕ್ಕದಲ್ಲಿ ನಿಂತಿರ್ತಿದ್ರಿ, ಅಷ್ಟೆ."

ಮುಂದಿನ ಶನಿವಾರ ಬೆಳಿಗ್ಗೆ ವೆಂದೆಲಿನ್ ಹೆಂಡತಿ ಬರೆದಿಟ್ಟಿದ್ದ ಅಡುಗೆ ಪುಸ್ತಕ ತೆಗೆದ. ಕೊಲಾಚಿನ ಪುಟದ ತಲೆಭಾಗವನ್ನು ಇಲಿ ತಿಂದಿತ್ತು. ಉಳಿದದ್ದರಲ್ಲಿ "ಮೈದಾ ಆರು ಕಿಲೋ" ಅಂತಿತ್ತು. ಇಬ್ಬರ ತಿಂಡಿಗೆ ಆರು ಕಿಲೋನಾ ಅಂತ ಯಾರಾದರೂ ಯೋಚಿಸುತ್ತಾರೆ. ಇವನು ಯೋಚಿಸಲಿಲ್ಲ, ಬರೆದದ್ದನ್ನು ಪ್ರಶ್ನಿಸುವ ಪದ್ಧತಿ ರೈಲ್ವೆಯಲ್ಲಿಲ್ಲ. ಈಸ್ಟನ್ನು ಮಾತ್ರ ಎರಡರಷ್ಟು ಹಾಕಿದ, ಬೇಗ ಉಬ್ಬಲಿ ಅಂತ. ಉಬ್ಬಿತು! ಬೆಕ್ಕು ಮೇಲೇರಿದ್ದು ಆಗಲೇ. ಹಿಟ್ಟು ಪಾತ್ರೆಯಿಂದಿಳಿದು ಕುರ್ಚಿಯ ಮೇಲಿದ್ದ ಕೋಟನ್ನು ನುಂಗಿತು, ಕಿಟಕಿಯಿಂದ ಇಣುಕಿ ಪೋಸ್ಟ್‌ಮ್ಯಾನ್‌ಗೆ ನಮಸ್ಕಾರ ಹೇಳಿತು. ಸರಿ ಸರಿ, ನಮಸ್ಕಾರ ಹೇಳಲಿಲ್ಲ. ಇಣುಕಿದ್ದು ನಿಜ.

ಗುಳಿ ಒತ್ತಲು ಗ್ಲಾಸು ಬೇಕಲ್ಲ? ಗಂಡಸೊಬ್ಬನೇ ಇರುವ ಮನೆಯಲ್ಲಿ ಕೈಗೆ ಸಿಗುವ ಗ್ಲಾಸು ಯಾವುದು? ಪ್ಲಮ್ ಸಾರಾಯಿ ಕುಡಿಯುವ ಹೆಬ್ಬೆರಳುದ್ದದ್ದು! ಗ್ಲಾಸಿಗೆ ತಕ್ಕ ಉಂಡೆ, ಉಂಡೆಗೆ ತಕ್ಕ ಕೊಲಾಚ್. ಮಧ್ಯಾಹ್ನದ ಹೊತ್ತಿಗೆ ಮುನ್ನೂರ ಹನ್ನೆರಡು! ಒಂದೊಂದೂ ಒಂದೇ ತುತ್ತು. ಜಾಮು ಮಾತ್ರ ಧಾರಾಳ.

ಊರಿಗೆಲ್ಲ ರುಚಿ ತೋರಿಸಿ, ಹೊಗಳಿಸಿಕೊಂಡು, ಕಡೆಗೆ ಅಪೊಲೆನಾಳ ಬಾಗಿಲಿಗೆ ಹೋಗುವುದು ಅಂತ ತೀರ್ಮಾನವಾಯಿತು. ಹನ್ನೆರಡರಂತೆ ಇಪ್ಪತ್ತಾರು ಪೊಟ್ಟಣ ಕಟ್ಟಿದ. ಕೋಟು ಹಿಟ್ಟಿನ ಹೊಟ್ಟೆಯಲ್ಲಿತ್ತು, ಹಾಗಾಗಿ ಕಪ್ಪು ಸೂಟು ತೊಟ್ಟ.

ಎಡವಿದ್ದು ಇಲ್ಲೇ. ನಮ್ಮ ಕಡೆ ಅಂಗೈಯಗಲದ ಕೊಲಾಚ್ ಬೆಳಗಿನ ತಿಂಡಿ. ಒಂದೇ ತುತ್ತಿನದನ್ನು ಪೊಟ್ಟಣ ಕಟ್ಟಿ ಮನೆಮನೆಗೆ ಹಂಚಿದರೆ ಮದುವೆ! ತೊಟ್ಟಿಲ ಕೂಸಿಗೂ ಗೊತ್ತು. ವೆಂದೆಲಿನ್‌ಗೂ ಗೊತ್ತು. ಆದರೆ ನಲವತ್ತು ವರ್ಷ ರೈಲು ನೋಡಿದ ಕಣ್ಣು ಅವನದು. ಚಿಕ್ಕದಾಗಿ ಕಂಡದ್ದೆಲ್ಲ ದೂರದಲ್ಲಿರುವ ದೊಡ್ಡದು ಅಂತಲೇ ನಂಬಿಕೆ.

ಬಡಗಿ ಹಿನೆಕ್ ಪೊಟ್ಟಣ ಬಿಚ್ಚಿ ನೋಡಿದ. ಸೂಟು ನೋಡಿದ. ತಬ್ಬಿಕೊಂಡ. "ಅಂತೂ ಧೈರ್ಯ ಮಾಡಿದ್ಯಲ್ಲೋ!"

"ಹೂಂ, ಅಪೊಲೆನಾನೇ ಸವಾಲು ಹಾಕಿದ್ಲು. ಬಿಡೋಕಾಗತ್ತಾ?"

"ಅವಳೇ ಬಾಯಿಬಿಟ್ಳಾ! ಈ ವಯಸ್ಸಲ್ಲಿ ಕಷ್ಟ ಅನ್ನಿಸ್ಲಿಲ್ವೇನೋ?"

"ಬೆಳಿಗ್ಗೆ ಸ್ವಲ್ಪ ಗಾಬರಿ ಆಯ್ತು. ಆಮೇಲೆ ಕೈ ಪಳಗ್ತು."

ಪ್ರತಿ ಮನೆಯಲ್ಲೂ ಒಂದು ಅಪ್ಪುಗೆ, ಮೇಲೊಂದು ಗ್ಲಾಸು ಸಾರಾಯಿ. ತನ್ನ ಅಡುಗೆಗೆ ಊರು ಇಷ್ಟು ಮರುಳಾಯಿತಲ್ಲ ಅಂತ ವೆಂದೆಲಿನ್ ಕೂಡ ಹಿಟ್ಟಿನ ಹಾಗೆ ಉಬ್ಬುತ್ತ ಹೋದ. ಇಪ್ಪತ್ತೈದನೇ ಮನೆ ಬ್ಯಾಂಡಿನ ಯಜಮಾನನದು.

"ಕಹಳೆಯವರು ನಾಲ್ಕು ಜನ ಸಾಕಾ, ಆರು ಬೇಕಾ? ಚರ್ಚಿಗೆ ಎಷ್ಟು ಗಂಟೆಗೆ ಬರೋಣ?"

"ಕೊಲಾಚ್ ತಿನ್ನೋಕೆ ಕಹಳೆ ಯಾಕೋ?" ಎಂದವನು ಕೈಯಲ್ಲಿದ್ದ ಪೊಟ್ಟಣ ನೋಡಿದ. ತನ್ನ ಸೂಟು ನೋಡಿಕೊಂಡ. ಇಲಿ ತಿಂದಿದ್ದ ತಲೆಬರಹ ಏನೆಂದು ಆಗ ಹೊಳೆಯಿತು: ಮದುವೆಯ ಕೊಲಾಚ್!

ಓಡಿದ. ಆದರೆ ಸುದ್ದಿ ಎಂಬ ಎಕ್ಸ್‌ಪ್ರೆಸ್ ಬಾವುಟಕ್ಕೆ ನಿಲ್ಲುತ್ತದೆಯೇ? ಅಪೊಲೆನಾ ಆಗಲೇ ಗೇಟಿನ ಬಳಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಬೀದಿಯ ಕಿಟಕಿಗಳ ತುಂಬ ತಲೆಗಳು.

"ರೀ ವೆಂದೆಲಿನ್, ನನ್ನ ಮದುವೆಯಂತೆ. ಊರಿಗೆಲ್ಲ ಹೇಳಿದೀರಿ. ನನಗೂ ಒಂದು ಮಾತು ಹೇಳ್ಬಾರ್ದಿತ್ತಾ?"

"ಗ್ಲಾಸು... ಗ್ಲಾಸಿಂದ ಹೀಗಾಯ್ತು, ಅಪೊಲೆನಾ."

"ಎಷ್ಟು ಗ್ಲಾಸು?"

"ಇಪ್ಪತ್ತೈದು."

ಕೊನೆಯ ಪೊಟ್ಟಣ ಮುಂದೆ ಚಾಚಿದ. ಅವಳು ಒಂದನ್ನು ಬಾಯಿಗೆ ಹಾಕಿಕೊಂಡಳು. ಅಗಿದಳು. ಕಿಟಕಿಯ ತಲೆಗಳೆಲ್ಲ ಇನ್ನೊಂದು ಗೇಣು ಆಚೆ ಬಂದವು.

"ಉಪ್ಪೇ ಹಾಕಿಲ್ಲ. ಜಾಮು ಜಾಸ್ತಿ."

"ಹಾಗಾದ್ರೆ... ಭಾನುವಾರದ ತಟ್ಟೆ?"

"ಇನ್ನು ಬೇಲಿ ಮೇಲಿಂದ ಯಾವ ತಟ್ಟೇನೂ ಬರಲ್ಲ."

ವೆಂದೆಲಿನ್ ತಲೆ ತಗ್ಗಿಸಿದ. ಒಂಬತ್ತು ವರ್ಷದ ಭಾನುವಾರಗಳೆಲ್ಲ ಒಂದೇ ರೈಲು ಹತ್ತಿ ಹೊರಟುಹೋದವು.

"ಎತ್ತಿ ಎತ್ತಿ ನನ್ನ ತೋಳು ಬಿದ್ದೋಗಿದೆ," ಅಂದಳು ಅಪೊಲೆನಾ. "ತಿನ್ಬೇಕು ಅಂದ್ರೆ ಒಳಗೆ ಬಂದು ಕೂತು ತಿನ್ನಿ. ಕಾಲು ಒರೆಸ್ಕೊಂಡು ಬನ್ನಿ."

ಆಮೇಲೆ? ಮದುವೆಯಾಯಿತೋ ಇಲ್ಲವೋ ನನಗೇನು ಗೊತ್ತಯ್ಯಾ? ಕಂಡವರ ಮನೆ ವಿಷಯ. ಕಹಳೆಯವರು ಆರು ಜನ ಬಂದಿದ್ದರು ಅಂತ ಕೇಳಿದ್ದೇನೆ. ಆ ವೆಂದೆಲಿನ್ ಈಗೆಲ್ಲಿ ಅಂತೀಯಾ? ಅಂಥ ಧೀರ ಕಣ್ಣಿಗೆ ಬೀಳುವುದು ಅಷ್ಟು ಸುಲಭ ಅಲ್ಲ...

"ವೆಂದೆಲಿನ್! ಅಲ್ಲಿ ಯಾರ ಕಿವಿಗೆ ಹೂವಿಡ್ತಾ ಇದೀರಿ? ಕೊಲಾಚ್ ತಣ್ಣಗಾಗ್ತಿದೆ, ಬನ್ನಿ! ಬರ್ತಾ ನಿಮ್ಮ ಬೆಕ್ಕನ್ನ ಇಳಿಸಿ, ಮತ್ತೆ ಹಿಟ್ಟಿನ ಮುಚ್ಚಳದ ಮೇಲೆ ಮಲಗಿ ಗೊರಕೆ ಹೊಡೀತಿದೆ!"